ಶಿಯಾಮೆನ್ ಮಳೆಯೂ ನಮ್ಮ ಅರ್ಬಾಬೂ

ನಮ್ಮ ಅರ್ಬಾಬ್ ಜತೆ ಎಲ್ಲಿಗೆ ಹೋದರೂ ಏನಾದರೊಂದು ಆಗಿಯೇ ಆಗುತ್ತದೆ. ಅರ್ಬಾಬ್ ಅಂದರೆ ನಮ್ಮ ಒಮಾನಿ ಯಜಮಾನರು. ಮಸ್ಕತ್ತಿನ ಖುರುಮ್‌ನಲ್ಲಿ ಅವರದು ನಲ್ಲಿ, ಶವರ್, ಕಮೋಡುಗಳ ಅಂಗಡಿ. ನಾನು ಖರೀದಿ ನೋಡಿಕೊಳ್ಳುವವನು. ಅಲ್ ಮಬೇಲಾ ಬಡಾವಣೆಯಲ್ಲಿ ಹೊಸ ಶೋರೂಂ ತೆರೆಯುವುದಿತ್ತು, ಊರಿಗೆಲ್ಲ ಕಾರ್ಡು ಹಂಚಿ ಆಗಿತ್ತು. ಮಾಲು ಬರಬೇಕಾದ್ದು ಚೀನಾದ ಶಿಯಾಮೆನ್‌ನಿಂದ. "ಓಪನಿಂಗ್ ದಿನ ಶೋರೂಂ ಖಾಲಿ ಇದ್ದರೆ ನಿನ್ನ ಕೆಲಸ ಖಲಾಸ್" ಎಂದು ಹೇಳಿ, ತಾವೂ ನನ್ನ ಜತೆ ವಿಮಾನ ಹತ್ತಿದರು.

ಮಾವಿನ ಮರ

ಶಿಯಾಮೆನ್ ಒಂದು ದ್ವೀಪ. ಸುತ್ತ ಸಮುದ್ರ, ಆಚೆ ದಡಕ್ಕೆ ಕಣ್ಣು ಹೋದಷ್ಟು ದೂರ ಸೇತುವೆ. ಮೈಗೆ ಅಂಟುವ ಬೆವರು ಥೇಟ್ ನಮ್ಮ ಉಡುಪಿಯದ್ದೇ. ಫುಟ್‌ಪಾತಿನುದ್ದಕ್ಕೂ ಮಾವಿನ ಮರಗಳು, ಮರದ ತುಂಬ ಕಾಯಿ, ಕಲ್ಲು ಹೊಡೆಯುವವರು ಒಬ್ಬರೂ ಇಲ್ಲ! ಮಸ್ಕತ್ತಿನ ಬೋಳು ಗುಡ್ಡ ನೋಡಿ ನೋಡಿ ಬತ್ತಿದ್ದ ಕಣ್ಣು ತುಂಬಿ ಬಂತು. ಮಸ್ಕತ್ತಿನಲ್ಲಿದ್ದ ಹೆಂಡತಿಗೆ ವೀಡಿಯೋ ಕಾಲ್ ಮಾಡಿ ಎಲ್ಲ ತೋರಿಸಿದೆ.

ಅವಳು ಗಂಭೀರವಾಗಿ ನೋಡಿದಳು. "ಚೀನಾ ಅಂತ ಹೇಳಿ ನನ್ನನ್ನು ಬಿಟ್ಟು ಊರಿಗೆ ಹೋದದ್ದಾ ಮಾರಾಯ್ರೆ?"

ಆಣೆ ಹಾಕಿದರೂ ನಂಬಲಿಲ್ಲ. ಕಾಲ್ ಮುಗಿದ ಕೂಡಲೇ ಉಡುಪಿಯಲ್ಲಿರುವ ನನ್ನ ಅಮ್ಮನಿಗೆ ಫೋನ್ ಮಾಡಿ, "ಇವರು ಊಟ ಮಾಡಿದರಾ ಅತ್ತೆ?" ಎಂದು ಕೇಳಿದಳಂತೆ.

ಸ್ಯಾಂಪಲ್

ಫ್ಯಾಕ್ಟರಿಯ ಈ ಗೋಡೆಯಿಂದ ಆ ಗೋಡೆ ಕಾಣುವುದಿಲ್ಲ. ನಲ್ಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತಲೇ ಇವೆ. ಇಷ್ಟೊಂದು ನಲ್ಲಿ ತಿರುಗಿಸಲು ಭೂಮಿಯ ಮೇಲೆ ಅಷ್ಟು ಕೈಗಳಿವೆಯೇ ಎಂದು ದಂಗಾಗಿ ನಿಂತೆ. ಅರ್ಬಾಬ್ ಮಾತ್ರ ದೊಡ್ಡ ಗಿರಾಕಿಯ ಠೀವಿಯಲ್ಲಿ ಗಡ್ಡ ಸವರಿಕೊಂಡು, ವರ್ಷಕ್ಕಾಗುವಷ್ಟು ಮಾಲು, ಒಂದು ಪೂರ್ತಿ ಕಂಟೇನರ್, ನನ್ನಿಂದ ಆರ್ಡರ್ ಹೇಳಿಸಿದರು.

ಸೇಲ್ಸ್ ಹುಡುಗಿ ಎಲ್ಲವನ್ನೂ ಬರೆದುಕೊಂಡು ನಕ್ಕಳು. "ಸ್ಯಾಂಪಲ್ ಇವತ್ತೇ ಕಳಿಸುತ್ತೇವೆ ಸರ್. ಆರ್ಡರ್ ಯಾವಾಗ ಕೊಡುತ್ತೀರಿ?"

ಅರ್ಬಾಬ್ ನಿಂತಲ್ಲೇ ಕುಸಿದರು. ಪುಣ್ಯಕ್ಕೆ ಹಿಂದೆ ಒಂದು ಕಮೋಡ್ ಇತ್ತು.

ಮಳೆ

ಆ "ಸ್ಯಾಂಪಲ್" ಬಂದರಿಗೇನೋ ತಲುಪಿತು. ಅಷ್ಟರಲ್ಲಿ ಸೇಲ್ಸ್ ಹುಡುಗಿಯ ಫೋನ್: ಚಂಡಮಾರುತ ಬರುತ್ತಿದೆ, ಬಂದರು ಬಂದ್, ಹಡಗುಗಳು ಯಾವಾಗ ಹೊರಡುತ್ತವೋ ಗೊತ್ತಿಲ್ಲ. ನಮ್ಮೂರಿನ ಆಟಿ ತಿಂಗಳ ಜಡಿಮಳೆಯಲ್ಲಿ ಶಾಲೆಗೆ ಹೋದವನು ನಾನು. ಆದರೆ ಇಲ್ಲಿ ಮಳೆ ಮೇಲಿನಿಂದ ಬರಲೇ ಇಲ್ಲ, ಪಕ್ಕದಿಂದ ಬಂತು. ಭಯವೂ ಆಯಿತು, ಕಣ್ಣು ಕೀಳಲೂ ಮನಸ್ಸಾಗಲಿಲ್ಲ. ಕೆಲಸ ಹೋಯಿತೆಂದುಕೊಂಡೇ ಹೋಟೆಲಿನಲ್ಲಿ ಅರ್ಬಾಬರ ಕೋಣೆಗೆ ಹೋದೆ.

ಅವರು ಕಿಟಕಿಗೆ ಮೂಗು ಒತ್ತಿ ನಿಂತಿದ್ದರು.

"ಅರ್ಬಾಬ್, ಓಪನಿಂಗಿಗೆ ಮಾಲು ತಲುಪುವುದಿಲ್ಲ."

"ಮಾಲು ಬಿಡು, ಮಳೆ ನೋಡು! ಮಾಶಾ ಅಲ್ಲಾಹ್!" ಎಂದವರೇ ಮಸ್ಕತ್ತಿಗೆ ಮಗನಿಗೆ ಫೋನ್ ಮಾಡಿದರು. "ಓಪನಿಂಗ್ ಮುಂದಕ್ಕೆ ಹಾಕು. ಇಲ್ಲಿ ಮಳೆ ಬರ್ತಿದೆ." ಆ ಕಡೆಯಿಂದ ಯಾಕೆ ಎಂಬ ಪ್ರಶ್ನೆಯೇ ಬರಲಿಲ್ಲ. ಮಳೆಯೆಂದರೆ ಅಪರೂಪದ ಹಬ್ಬವಾದ ಒಮಾನಿನಲ್ಲಿ ಅದಕ್ಕಿಂತ ದೊಡ್ಡ ಕಾರಣ ಬೇರೆ ಬೇಕಿಲ್ಲ. ನನ್ನ ಕೆಲಸ ಉಳಿಯಿತು. ಹೋದ ಜೀವ ವಾಪಸ್ ಬಂತು.

ಬಂದ ಜೀವ ನಿಲ್ಲಲು ಬಿಡಬೇಕಲ್ಲ! "ಯಲ್ಲಾ, ಹೊರಡು, ಕಾರ್ ತರಿಸು" ಎಂದು ಖಾವಾ ಕಾಫಿಯ ಫ್ಲಾಸ್ಕ್, ಖರ್ಜೂರದ ಡಬ್ಬಿ, ಚಾಪೆ ಹಿಡಿದು ಕೆಳಗಿಳಿದೇಬಿಟ್ಟರು. ಹೊರಗೆ ಒಂದು ಇಡೀ ಮರ ರಸ್ತೆ ದಾಟುತ್ತಿತ್ತು. ರಿಸೆಪ್ಷನಿನ ಹುಡುಗಿ ಬೀಗ ಹಾಕಿದ ಬಾಗಿಲಿಗೆ ಅಡ್ಡ ನಿಂತು ಮೊಬೈಲ್ ತೋರಿಸಿದಳು. ಸರ್ಕಾರದ ಮೆಸೇಜ್: ಯಾರೂ ಮನೆಯಿಂದ ಹೊರಬರಬಾರದು. ಅದನ್ನು ಅರ್ಬಾಬರಿಗೆ ವಿವರಿಸಿ ಹೇಳಿದೆ.

ಅವರು ಹುಡುಗಿಯನ್ನು ಕನಿಕರದಿಂದ ನೋಡಿದರು. "ನಮ್ಮಲ್ಲೂ ಇದೇ ಮೆಸೇಜ್ ಬರ್ತದೆ ಮಗಳೇ. ಇಲ್ಲದಿದ್ದರೆ ಪಿಕ್ನಿಕ್‌ಗೆ ಹೊರಡುವ ಹೊತ್ತಾಯಿತು ಅಂತ ಜನರಿಗೆ ಗೊತ್ತಾಗುವುದು ಹೇಗೆ?"