ಹೂವಿಗೆ ಕಟ್ಟಿದ ನೊಣದ ಬಲೆ

"ಗಿಡ ನೆಡೋದು ಒಂದೇ ಸಲ, ಆಮೇಲೆ ಮರ್ತುಬಿಡೋದು! ವರ್ಷ ಪೂರ್ತಿ ಹೂವು, ಹೂವಿನ ತುಂಬಾ ಜೇನು, ಪಕ್ಕದಲ್ಲಿ ಕುರ್ಚಿ, ಕುರ್ಚೀಲಿ ನಾನು!" ಎಂದು ರಾಮಾಂಜಿನಪ್ಪನವರು ಘೋಷಿಸಿದರು.

"ಕೊನೇದೊಂದು ಖಂಡಿತ ಆಗ್ತದೆ ಬಿಡಿ" ಎಂದರು ಹೆಂಡತಿ ವೆಂಕಟರತ್ನಮ್ಮ.

ರಾಮಾಂಜಿನಪ್ಪನವರಿಗೆ ರೇಗಿತು. ಅವರಿಗೆ ರೇಗದ ದಿನವೇ ಇರಲಿಲ್ಲವೆನ್ನಿ! ಚಿಂತಾಮಣಿಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿ ಜನ್ಮವಿಡೀ ಕೂಗಾಡಿ, ೧೯೮೬ರಲ್ಲಿ ನಿವೃತ್ತರಾಗಿ ಶಿಡ್ಲಘಟ್ಟದ ಮನೆಗೆ ಬಂದ ಮೇಲೆ ಕೂಗಲು ಹುಡುಗರಿಲ್ಲದೆ ಒದ್ದಾಡುತ್ತಿದ್ದರು. ಆ ಕೋಪದಲ್ಲೇ ಗುಂಡಿ ತೋಡಿದರು. ಕೆಂಪು ದಾಸವಾಳ, ಹಳದಿ ಗಂಟೆಹೂ, ಕನಕಾಂಬರ, ನಿತ್ಯಪುಷ್ಪ ಎಲ್ಲವೂ ಅಂಗಳದಲ್ಲಿ ಸಾಲಾಗಿ ಅಟೆನ್‌ಷನ್‌ನಲ್ಲಿ ನಿಂತವು. ಹೂ ಬಿಟ್ಟವು. ಜೇನೂ ಬಂತು.

ಜೇನಿನ ಹಿಂದೆಯೇ ಪಕ್ಕದ ಮನೆ ಮುನಿಗಂಗಮ್ಮನ ಕೋಳಿಗಳೂ ಬಂದವು! ಒಂದು ಬೆಳಿಗ್ಗೆ ನೋಡಿದರೆ ನಿತ್ಯಪುಷ್ಪದ ಬೇರುಗಳೆಲ್ಲ ಆಕಾಶ ನೋಡುತ್ತಿವೆ.

"ನಿನ್ನ ಕೋಳಿ ಕುತ್ತಿಗೆ ಮುರೀತೀನಿ ಕಣಮ್ಮಾ!"

"ಮುರೀರಿ ಸಾಮೀ, ಸಾರು ನಾನೇ ಮಾಡ್ಕೊಡ್ತೀನಿ. ಮರ್ತುಬಿಡೋ ಗಿಡಕ್ಕೆ ಇಷ್ಟ್ಯಾಕೆ ಕೂಗಾಡ್ತೀರಾ?"

ಹಲ್ಲು ಕಡಿಯುತ್ತ ಹಿತ್ತಿಲಿಗೆ ನುಗ್ಗಿದರು. ಅಲ್ಲಿ ಹಗ್ಗದ ಮೇಲೆ ಸಣ್ಣ ಕಣ್ಣಿನ ನೈಲಾನ್ ಬಲೆಯೊಂದು ಒಣಗುತ್ತಿತ್ತು. ಎಳೆದು ತಂದು, ನಾಲ್ಕು ಗೂಟ ಹೊಡೆದು, ಅಳಿದುಳಿದ ಹೂಗಳನ್ನೆಲ್ಲ ಮೇಲಿಂದಲೂ ಮುಚ್ಚಿ ಕೋಟೆ ಕಟ್ಟಿದರು. ಕೋಳಿಗಳು ಸೋತವು. ಕುರ್ಚಿ ಹಾಕಿ ಕುಳಿತರು.

ಮಧ್ಯಾಹ್ನವಾಯಿತು. ಒಂದು ಜೇನೂ ಇಲ್ಲ!

"ಕೃತಘ್ನ ಹುಳಗಳು! ಯಾರಿಗೋಸ್ಕರ ನೆಟ್ಟೆ?" ಎಂದು ಗುಡುಗಿದರು. ಕೊನೆಗೆ ತಪ್ಪೆಲ್ಲ ಮುನಿಗಂಗಮ್ಮನ ಒಲೆಯದೆಂದು ತೀರ್ಮಾನಿಸಿ, "ನಿನ್ನ ಹೊಗೆಗೆ ಜೇನೆಲ್ಲ ಓಡಿಹೋದವು!" ಎಂದು ಇನ್ನೊಂದು ಸುತ್ತು ಜಗಳ ಆಡಿ ಬಂದರು.

ಇತ್ತ ಒಳಗೆ ವೆಂಕಟರತ್ನಮ್ಮನವರ ಪ್ರಾಣವೆಲ್ಲ ಹಿತ್ತಿಲ ಕೋಣೆಯಲ್ಲಿತ್ತು. ಅಲ್ಲಿ ಅವರ ರೇಷ್ಮೆಹುಳಗಳು ನಾಲ್ಕನೇ ಸಲ ಪೊರೆ ಕಳಚಿ, ಅಂದರೆ ನಾಲ್ಕನೇ ಜ್ವರದಿಂದೆದ್ದು, ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಹಿಂದಿನ ಬೆಳೆ ಊಜಿ ನೊಣದ ಪಾಲಾಗಿತ್ತು. ಆ ಹಾಳು ನೊಣ ಹುಳದ ಮೈಮೇಲೆ ಮೊಟ್ಟೆ ಇಟ್ಟರೆ ಮುಗಿಯಿತು, ಹುಳ ಉಳಿಯುವುದಿಲ್ಲ. "ಇದೂ ಹೋದ್ರೆ ಹುಳ ಸಾಕೋ ಬಿದಿರು ತಟ್ಟೆಗಳನ್ನೆಲ್ಲ ಒಲೆಗೆ ಹಾಕಿ ಹುಳದ ಸಹವಾಸಾನೇ ಬಿಡ್ತೀನಿ" ಎಂದು ಆಕೆ ಕಣ್ಣೀರು ಹಾಕಿದ್ದರು.

ಸಂಜೆ ಆ ಕೋಣೆಯಿಂದ ಚೀರಾಟ ಕೇಳಿಸಿತು.

"ರೀ! ಊಜಿ! ತಟ್ಟೆ ಮೇಲೇ ಕೂತಿದೆ! ಹಾಳಾದ ನಿಮ್ಮ ಹೂವಿಂದ ಬಂತು! ಹಾರೋದನ್ನೆಲ್ಲ ಮನೆಗೆ ಕರೆದ್ರಲ್ಲಾ, ಈಗ್ಲೇ ಕಿತ್ತುಹಾಕಿ!"

ಹೂವಿಗೆ ಬೈದರೆ ರಾಮಾಂಜಿನಪ್ಪನವರು ಸುಮ್ಮನಿರುತ್ತಾರೆಯೇ? ಮೀಸೆ ಕುಣಿಯಿತು, ಕೊರಳ ನರ ಉಬ್ಬಿತು.

"ನನ್ನ ಹೂವಿನ ಸುದ್ದಿಗೆ ಬರಬೇಡ! ಬೆಳಿಗ್ಗೆಯಿಂದ ಅದರ ಹತ್ರ ಒಂದು ನೊಣಾನೂ ಸುಳಿದಿಲ್ಲ! ಸುಳಿಯೋ ಹಾಗೇ ಇಲ್ಲ! ಅಂಥಾ ಬಲೆ ಕಟ್ಟಿದ್ದೀನಿ, ಜೇನು ಕೂಡ..."

ಅವರ ಕಣ್ಣು ಅಂಗಳದ ಬಲೆಯ ಕಡೆ ಹೊರಳಿತು.

"ಯಾವ ಬಲೆ?" ವೆಂಕಟರತ್ನಮ್ಮನವರ ದನಿ ತೀರಾ ಮೆತ್ತಗಿತ್ತು.

"ಅದೇ... ಹಗ್ಗದ ಮೇಲೆ..."

"ಒಗೆದು ಹಾಕಿದ್ದೀನಿ, ಒಣಗಿದ ತಕ್ಷಣ ಹುಳದ ಕಿಟಕಿಗೆ ಕಟ್ಟಿ ಅಂತ ಬೆಳಿಗ್ಗೆ ನಿಮಗೆ ಹೇಳಿದ್ನಲ್ಲ, ಆ ಬಲೇನಾ? ನೀವು ಹೊರಗಿಂದ ಕಟ್ಟಿರ್ತೀರಾ ಅಂತ ನಂಬಿ ಕಿಟಕಿ ತೆಗೆದೆನಲ್ಲಪ್ಪಾ! ಜೇನು ಬರಬೇಕಾದ ಹೂವಿಗೆ ಬಲೆ, ನೊಣ ಬರಬಾರದ ಹುಳಕ್ಕೆ ಬಯಲು! ನಿಮ್ಮ ತಲೇಲಿ ಏನಿದೆ ರೀ?"

ಚಿಂತಾಮಣಿಯ ಮೈದಾನವನ್ನೇ ನಡುಗಿಸಿದ್ದ ಮಾಸ್ತರು ಓಡಿಹೋಗಿ ಗೂಟ ಕಿತ್ತರು. ಬಲೆ ಕಿಟಕಿಗೆ ಮರಳಿತು. ಗಂಡಹೆಂಡತಿ ದೀಪ ಹಿಡಿದು, ಮೈಮೇಲೆ ಬಿಳಿ ಚುಕ್ಕೆಯಂಥ ಮೊಟ್ಟೆಯಿದ್ದ ಹುಳಗಳನ್ನು ಒಂದೊಂದಾಗಿ ಆರಿಸಿ ತೆಗೆದರು. ಒಂದು ತಟ್ಟೆ ಹೋಯಿತು, ಮಿಕ್ಕವು ಉಳಿದವು.

ಮರುದಿನದಿಂದ ಹುಳ ಗೂಡು ಕಟ್ಟುವವರೆಗೂ ಕೋಣೆಯ ಬಾಗಿಲಲ್ಲಿ ಟವಲು ಹಿಡಿದು ನೊಣ ಕಾಯುವ ಕೆಲಸ ಮಾಸ್ತರದಾಯಿತು. ಕುರ್ಚಿ ಇಲ್ಲ, ನಿಂತೇ ಕಾಯಬೇಕು! ಅಲ್ಲಿಂದ ತೆರೆದ ತಲೆಬಾಗಿಲಾಚೆ ಅಂಗಳ ಚೆನ್ನಾಗಿ ಕಾಣುತ್ತಿತ್ತು. ಬಲೆ ತೆಗೆದದ್ದೇ ಜೇನುಗಳು ಗುಂಯ್ ಎಂದು ಬಂದಿದ್ದವು. ಅವುಗಳ ಕೆಳಗೆ ಮುನಿಗಂಗಮ್ಮನ ಕೋಳಿಗಳು ಕನಕಾಂಬರದ ಬುಡವನ್ನು ಸಾವಕಾಶವಾಗಿ ಕೆರೆಯುತ್ತಿದ್ದವು.

"ರತ್ನಾ! ಕೋಳಿ! ನನ್ನ ಗಿಡ!"

ಒಳಗಿಂದ ಸೊಪ್ಪು ಹರಡುತ್ತಲೇ ಆಕೆ ಹೇಳಿದರು:

"ಮರ್ತುಬಿಡಿ."