ಬ್ರೇಕ್ ಇಲ್ಲದ ಸೈಕಲ್ಲೂ ಭಾವನ ಮನೆ ಮದುವೆಯೂ

ಸೈಕಲ್ಲು ಮನೆಯ ಜಗಲಿಯಲ್ಲಿ ನಿಂತಿರುವಾಗ ಎಂದೂ ಕೆಡುವುದಿಲ್ಲ. ಕೆಡುವುದಕ್ಕೆ ಅದಕ್ಕೆ ದಾರಿ ಬೇಕು, ನೋಡುವುದಕ್ಕೆ ಜನ ಬೇಕು. ಇಕ್ಕೇರಿಯಿಂದ ಸಾಗರದ ಪ್ರೆಸ್ಸಿಗೆ ಕರಡು ತಿದ್ದಲು ದಿನಾ ಅದರಲ್ಲೇ ಹೋಗುವ ನನಗೆ ಇದು ಹೊಸತಲ್ಲ.

ಆ ವಾರ ಮನೆಯಲ್ಲಿ ಬೇರೆಯೇ ತಾಪತ್ರಯ. ಹೆಂಡತಿಯ ದೊಡ್ಡಣ್ಣ, ಅಂದರೆ ನನ್ನ ಭಾವ, ತಮ್ಮ ಮಗಳ ಮದುವೆಗೆ ನನ್ನನ್ನು ಪೇಟೆಯಲ್ಲಿ ಸಿಕ್ಕಾಗ ಕರೆದಿದ್ದರು. ದಾರಿಯಲ್ಲಿ ಕರೆದದ್ದು ನಮ್ಮ ಕಡೆ ಲೆಕ್ಕಕ್ಕಿಲ್ಲ. ಮನೆಗೆ ಬಂದು ಅಕ್ಷತೆ ಕೊಡಬೇಕು. ದಿನಾ ತಮ್ಮ ಮನೆಯೆದುರೇ ಹೋಗುವವನಿಗೆ ಎಂಥ ಉಪಚಾರ ಎಂದು ಅವರ ವಾದ. ಹಾಗಾದರೆ ಹೋಗುವುದಿಲ್ಲ ಎಂದೆ. ಹೆಂಡತಿ ನನ್ನೊಡನೆ ಮಾತು ಬಿಟ್ಟಳು.

೧. ಮೇಷ್ಟ್ರು

ಇಳಿಜಾರಿನಲ್ಲಿ ಬ್ರೇಕ್ ಹಿಡಿದೆ. ಹಿಡಿ ಸಲೀಸಾಗಿ ಹ್ಯಾಂಡಲಿಗೆ ತಾಗಿತು, ಸೈಕಲ್ಲು ಓಡುತ್ತಲೇ ಇತ್ತು. ಮುಂದಿನ ಬ್ರೇಕು ಮೊದಲೇ ಇರಲಿಲ್ಲ. ಎದುರಿಗೆ ಹಾಲಿನ ಕ್ಯಾನು ಹಿಡಿದ ನನ್ನ ಹಳೆಯ ಮೇಷ್ಟ್ರು.

"ಏ, ನಿಲ್ಲೋ ಮಾರಾಯ, ಒಂದ್ಮಾತಿದೆ!"

ಬ್ರೇಕಿಲ್ಲ ಎಂದು ದಾರಿಯಲ್ಲಿ ಕೂಗಿ ನನಗೆ ಅಭ್ಯಾಸವಿಲ್ಲ. ತಲೆ ಆಡಿಸಿ ಮುಂದೆ ಹೋದೆ. ಹಿಂದಿನಿಂದ ಕೇಳಿಸಿತು: "ಕ್ಲಾಸಲ್ಲೂ ಹಿಂಗೇ. ಕೇಳಿದ್ದಕ್ಕೆಲ್ಲ ತಲೆ ಆಡಿಸ್ತಿದ್ದ, ಉತ್ತರ ಮಾತ್ರ ಇಲ್ಲ!"

೨. ಚಪ್ಪಲಿ

ಕಾಲು ನೆಲಕ್ಕೆ ಒತ್ತಿ ನಿಲ್ಲಿಸಲು ನೋಡಿದೆ. ಸೈಕಲ್ಲು ನಿಲ್ಲಲಿಲ್ಲ, ಚಪ್ಪಲಿ ನಿಂತಿತು. ಅದೂ ಚೌಡಮ್ಮನ ಕಟ್ಟೆಯ ಎದುರೇ. ಅಲ್ಲಿ ಹೂ ಏರಿಸುತ್ತಿದ್ದ ಹೆಂಗಸು ಗದರಿದಳು:

"ಚಪ್ಪಲಿ ಬಿಟ್ಟಿದ್ದೇನೋ ಸರಿ ಮಾರಾಯ್ರೆ, ಇಳಿದು ಕೈ ಮುಗಿಯೋಕೂ ಪುರ್ಸೊತ್ತಿಲ್ವಾ?"

೩. ಅಂಗಳ

ಇಳಿಜಾರಿನ ಕೊನೆಗೆ ರಸ್ತೆ ಎಡಕ್ಕೆ ತಿರುಗುತ್ತದೆ. ನೇರ ಹೋದರೆ ಭಾವನ ಅಂಗಳ. ನಾನು ನೇರ ಹೋದೆ. ಮದುವೆ ಚಪ್ಪರಕ್ಕೆಂದು ತಂದಿಟ್ಟ ಅಡಿಕೆ ಸೋಗೆಯ ರಾಶಿಗೆ ನುಗ್ಗಿ ಸೈಕಲ್ಲು ನಿಂತಿತು. ನಾನು ಇನ್ನೊಂದಿಷ್ಟು ಮುಂದೆ ಹೋಗಿ ಕೂತೆ.

ಭಾವ ಓಡಿ ಬಂದರು. "ಅಂತೂ ಬಂದ್ರಲ್ಲ ಭಾವಯ್ಯ! ಎಂಥ ಅವಸರ, ಮದುವೆ ನಾಡಿದ್ದು!"

ಬ್ರೇಕಿನ ಸಂಗತಿ ಹೇಳಿದೆ. ನೆಪವೆಂದುಕೊಂಡರು. "ನಾಚ್ಕೆ ಎಂಥಕ್ಕೆ?" ಎನ್ನುತ್ತ ಒಳಗೆ ಕೂರಿಸಿ, ಕಾಫಿ ಕೊಟ್ಟು, ಕೈಗೆ ಅಕ್ಷತೆ ಹಾಕಿದರು. "ಎಲ್ರೂ ಬರ್ಬೇಕು. ಈಗ ಮನೆಯಲ್ಲೇ ಕರೆದ ಹಾಗಾಯ್ತಲ್ಲ? ಯಾರ ಮನೇಲಿ ಕರೀಬೇಕು ಅಂತ ಶಾಸ್ತ್ರ ಇದ್ದಂಗಿಲ್ಲ."

ಒಪ್ಪಿಕೊಂಡೆ. ಸೋಗೆ ರಾಶಿಯಿಂದ ಎದ್ದು ಬಂದವನಿಗೆ ಬಿಗುಮಾನ ಉಳಿದಿರುವುದಿಲ್ಲ.

ಸಂಜೆ ಹೆಂಡತಿಯ ಕೈಗೆ ಅಕ್ಷತೆ ಕೊಟ್ಟು ನಡೆದದ್ದನ್ನೆಲ್ಲ ಹೇಳಿದೆ. ಎಷ್ಟೋ ದಿನದ ಮೇಲೆ ನಕ್ಕಳು. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದಳು:

"ಬ್ರೇಕ್ ಈಗ್ಲೇ ಹಾಕಿಸ್ಬೇಡಿ. ನನ್ನ ಚಿಕ್ಕಣ್ಣನೂ ಗೃಹಪ್ರವೇಶಕ್ಕೆ ಬಸ್‌ಸ್ಟ್ಯಾಂಡಲ್ಲೇ ಕರ್ದಿದಾನೆ. ಅವನ ಮನೆಯೂ ಇಳಿಜಾರಲ್ಲೇ ಇರೋದು."