ಪ್ರಭಾರ ತಾಯಿ

ಕುಟುಂಬ ಹಾಜರಿಲ್ಲದೆ ಕುಟುಂಬ ಚಿಕಿತ್ಸೆ ನೀಡಬಾರದೆಂಬುದು ನಿಯಮ. 1998ರಲ್ಲಿ ಹಿರಿಯೂರಿನ ಮಕ್ಕಳ ಮನೋಚಿಕಿತ್ಸಾ ಕೇಂದ್ರವೊಂದು ಇದನ್ನು ಚಾಚೂ ತಪ್ಪದೆ ಪಾಲಿಸಿತು.

ಹಾಸ್ಟೆಲಿಗೆ ಸೇರಿದಂದಿನಿಂದ ಕನಕರಾಜ್ ಎಂಬ ಹದಿಮೂರರ ಹುಡುಗ ಮಾತು ಬಿಟ್ಟಿದ್ದ. ಹಾಸ್ಟೆಲಿನವರು ಅವನನ್ನು ಈ ಕೇಂದ್ರಕ್ಕೆ ತಂದು ಸೇರಿಸಿದರು. ಅಪ್ಪ ಬೀರಪ್ಪ, ಅವ್ವ ಕಾಳಕ್ಕ ಕುರಿ ಹೊಡೆದುಕೊಂಡು ಮೇವಿನ ಸೀಮೆಗೆ ಹೋಗಿದ್ದರು. ಯಾವ ಸೀಮೆ ಎಂಬುದು ಕುರಿಗಳಿಗೆ ಮಾತ್ರ ಗೊತ್ತಿತ್ತು. ಕಾಯುತ್ತ ಕುಳಿತರೆ ಅನುದಾನ ವಾಪಸು ಹೋಗುತ್ತಿತ್ತು. ಆದ್ದರಿಂದ ಕೇಂದ್ರದ ಅಧೀಕ್ಷಕ ಗೋವಿಂದಯ್ಯನವರು ಕಚೇರಿಯಿಂದಲೇ ಒಂದು ಕುಟುಂಬವನ್ನು ನೇಮಿಸಿದರು. ಬೆರಳಚ್ಚುಗಾರ್ತಿ ಅನುಸೂಯ ಪ್ರಭಾರ ತಾಯಿ. ಜವಾನ ಚಿತ್ತಯ್ಯ ಪ್ರಭಾರ ತಂದೆ.

"ನಂಗೆ ಮದ್ವೆನೇ ಆಗಿಲ್ಲ ಸಾರ್," ಎಂದರು ಅನುಸೂಯ.

"ಅದು ನಿಮ್ಮ ವೈಯಕ್ತಿಕ ವಿಷಯ ಕಣಮ್ಮ."

ಚಿತ್ತಯ್ಯ ತಕರಾರು ತೆಗೆಯಲಿಲ್ಲ. ಮಗನನ್ನು ಬೈಯಬಹುದೇ ಎಂದಷ್ಟೇ ಕೇಳಿದ. ಕಚೇರಿ ವೇಳೆಯಲ್ಲಿ ಮಾತ್ರ ಬೈಯತಕ್ಕದ್ದೆಂದು ಆದೇಶವಾಯಿತು.

ಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ತಾಯಿ ರಜೆ ಹಾಕಿದ ದಿನ ಮಗನ ದುಃಖವನ್ನು ಮುಂದೂಡಲಾಗುತ್ತಿತ್ತು. ಕುಟುಂಬದಲ್ಲಿ ಸಾಮರಸ್ಯ ಹೆಚ್ಚಿತು. ಹುಡುಗ ಮಾತ್ರ ಬಾಯಿ ಬಿಡಲಿಲ್ಲ.

ಒಂದು ಸೋಮವಾರ ಕಾಳಕ್ಕ ಬಂದಳು, ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ. ಕನಕರಾಜ್ ಓಡಿಹೋಗಿ ಅವಳ ಸೆರಗಿನಲ್ಲಿ ಮುಖ ಹುದುಗಿಸಿದ.

"ಯಾರಮ್ಮ ನೀವು?" ಎಂದರು ಗೋವಿಂದಯ್ಯ.

"ಇವನ್ನ ಹೆತ್ತೋಳು ಕಣ್ರಿ. ಮಾತು ಬಿಟ್ಟವ್ನಂತೆ, ಕರ್ಕಂಡು ಹೋಗಾಣ ಅಂತ ಬಂದೆ."

"ಹುದ್ದೆ ಖಾಲಿ ಇಲ್ಲವಲ್ಲ!"

"ಕಳಿಸಿಬಿಡ್ರಿ ಸಾರ್," ಎಂದರು ಅನುಸೂಯ. "ನಂಗೂ ಟೈಪಿಂಗ್ ಕೆಲ್ಸ ಹಂಗೇ ಐತೆ."

"ನಡುವೆ ತಾಯಿ ಬದಲಾಯಿಸಿದ್ರೆ ಹುಡುಗನ ಮನಸ್ಸಿಗೆ ಪೆಟ್ಟು ಬೀಳಲ್ವೇನಮ್ಮ?"

ಕಾಳಕ್ಕ ಸೊಂಟಕ್ಕೆ ಕೈಯಿಟ್ಟಳು. "ಕುರಿಮರೀನೇ ವಾಸ್ನೆ ಮ್ಯಾಲೆ ತಾಯಿನ ಹುಡುಕ್ತೈತೆ. ನಿಮ್ಗೆ ಅದಕ್ಕೂ ಆರ್ಡರ್ ಬೇಕೇನ್ರಿ?"

"ಕುರಿಮರಿ ಪಶುಪಾಲನಾ ಇಲಾಖೆಗೆ ಬರ್ತೈತಮ್ಮ."

ಕೊನೆಗೆ ಮಾನವೀಯ ದೃಷ್ಟಿಯಿಂದ ಕಾಳಕ್ಕನನ್ನು ತರಬೇತಿ ತಾಯಿಯಾಗಿ ಸೇರಿಸಿಕೊಳ್ಳಲಾಯಿತು. ಪಾಠ ಹೇಳುವವರು ಅನುಸೂಯ. ಪ್ರಗತಿ ತೃಪ್ತಿಕರವೆನಿಸಿದಲ್ಲಿ ಮಗನನ್ನು ವಶಕ್ಕೆ ಕೊಡಲಾಗುವುದು.

ಮೊದಲ ಪಾಠದಲ್ಲೇ ಕಾಳಕ್ಕ ಮಗನನ್ನು ಮುಂದೆ ಕೂರಿಸಿಕೊಂಡು ಬಾಟಲಿಯ ಮುಚ್ಚಳ ತಿರುವಿದಳು.

"ತಲೆಗೆ ಎಣ್ಣೆ ಹಚ್ಚೋದು ಎರಡನೇ ತಿಂಗಳ ಪಾಠ ಕಣಮ್ಮ," ಎಂದರು ಗೋವಿಂದಯ್ಯ.

ಅವಳು ಮುಚ್ಚಳ ಹಾಕಿ, ಕೈಕಟ್ಟಿ ಕುಳಿತಳು.

ಕನಕರಾಜ್ ತಲೆಯೆತ್ತಿದ. "ಎರಡ್ನೇ ತಿಂಗ್ಳು ಯಾವಾಗ ಬರ್ತೈತೆ ಸಾರ್?"

ಹುಡುಗನಿಗೆ ಮಾತು ಬಂದಿತ್ತು. ಚಿಕಿತ್ಸೆ ಫಲಿಸಿತೆಂದು ಕಚೇರಿಯಲ್ಲಿ ಪೇಡ ಹಂಚಲಾಯಿತು. ತಾಯಿಯೆಂದು ಅನುಸೂಯ ಅವರಿಗೆ ಎರಡು. ಕಾಳಕ್ಕನಿಗೂ ಒಂದು ಸಿಕ್ಕಿತು.